ಹೆಪ್ಪುನೆಲದ ಹಗೇವು

ಬಯಲುಸೀಮೆಯ ಹಳೆಯ ಊರುಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಹಗೇವು ಉಳಿದಿದೆ. ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿದ ಗುಂಡಿ, ಕಿರಿದಾದ ಬಾಯಿ, ಬಾಯಿಗೊಂದು ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಮುಚ್ಚಳ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ರಾಗಿ, ಜೋಳ ಅದರಲ್ಲಿ ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತಿದ್ದವು. ಬಿತ್ತನೆಯ ಬೀಜದ ದಾರಿ ಮಾತ್ರ ಬೇರೆ. ಅದನ್ನು ಆರಿಸಿದ ತೆನೆಯಾಗಿ ಒಲೆಯ ಮೇಲಿನ ಜಂತಿಗೆ ಕಟ್ಟುತ್ತಿದ್ದರು, ಇಲ್ಲವೇ ಬೂದಿ ಬೆರೆಸಿ ಸೋರೆ ಬುರುಡೆಗೆ ತುಂಬಿ ಸಗಣಿಯಿಂದ ಬಾಯಿ ಮೆತ್ತುತ್ತಿದ್ದರು. ಊಟಕ್ಕಾದರೆ ಕಾಳು ಕೆಡದಿದ್ದರೆ ಸಾಕು, ಬಿತ್ತನೆಗೆ ಕಾಳು ಬದುಕಿರಬೇಕು.

ಭೂಮಿಯ ಉತ್ತರದ ತುದಿಯಲ್ಲಿ, ಒಂದು ಬೆಟ್ಟದ ಹೊಟ್ಟೆಯೊಳಗೆ, ಬದುಕಿರಬೇಕಾದ ಕಾಳಿಗೆಂದೇ ತೋಡಿದ ಹಗೇವೊಂದಿದೆ. ಸ್ವಾಲ್‌ಬಾರ್ಡ್ ಜಾಗತಿಕ ಬೀಜ ಭಂಡಾರ ಎಂದು ಅದರ ಹೆಸರು. ಬೀಜಕ್ಕೇ ಮೀಸಲಾದ ಈ ಸಂಚಿಕೆಯಲ್ಲಿ ಆ ಸಂಸ್ಥೆ ಹುಟ್ಟಿ ಬೆಳೆದ ಬಗೆಯನ್ನು ಹೇಳಬೇಕೆನಿಸಿತು. ಅದರ ಬಾಗಿಲಿನ ಫೋಟೊವನ್ನು ನಾವೆಲ್ಲ ನೋಡಿದ್ದೇವೆ. ಹಿಮದ ಇಳಿಜಾರಿನಿಂದ ಚೂಪಾಗಿ ಹೊರಚಾಚಿದ ಕಾಂಕ್ರೀಟ್ ಗೋಡೆ, ಅದರ ನೆತ್ತಿಯಲ್ಲಿ ಹಸಿರು ನೀಲಿಯಾಗಿ ಹೊಳೆಯುವ ಕನ್ನಡಿ ಚೂರುಗಳು. ಪತ್ರಿಕೆಗಳು ಅದಕ್ಕೆ ‘ಪ್ರಳಯದ ದಿನದ ತಿಜೋರಿ’ ಎಂದು ಹೆಸರಿಟ್ಟವು. ಆ ಹೆಸರು ನನಗೆ ಎಂದೂ ಹಿಡಿಸಿಲ್ಲ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಕತೆ ಶುರುವಾಗುವುದು ಈ ಬಾಗಿಲಿನಿಂದಲ್ಲ, ಒಂದು ಕಲ್ಲಿದ್ದಲ ಗಣಿಯಿಂದ. ಸ್ವಾಲ್‌ಬಾರ್ಡ್ ನಾರ್ವೆ ದೇಶಕ್ಕೆ ಸೇರಿದ ದ್ವೀಪಸಮೂಹ. 1920ರ ಒಪ್ಪಂದದ ಪ್ರಕಾರ ಅದನ್ನು ಯುದ್ಧದ ಉದ್ದೇಶಕ್ಕೆ ಬಳಸುವಂತಿಲ್ಲ. ಅಲ್ಲಿನ ಮುಖ್ಯ ಊರು ಲಾಂಗ್‌ಯಿಯರ್‌ಬೀನ್, ಸುಮಾರು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಅಲ್ಲಿ ಜನ ನೆಲೆಸಿದ್ದೇ ಕಲ್ಲಿದ್ದಲಿಗಾಗಿ. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲೆಂಡ್, ಐಸ್‌ಲೆಂಡ್ ಕೂಡಿ 1979ರಲ್ಲಿ ಕಟ್ಟಿಕೊಂಡ ನಾರ್ಡಿಕ್ ಜೀನ್ ಬ್ಯಾಂಕ್ ಸ್ವೀಡನ್ನಿನ ಆಲ್ನಾರ್ಪ್‌ನಲ್ಲಿತ್ತು. ಒಂದೇ ಕಟ್ಟಡದಲ್ಲಿ ಎಲ್ಲವನ್ನೂ ಇಟ್ಟರೆ ಬೆಂಕಿಗೋ ಇನ್ನಾವುದಕ್ಕೋ ಒಂದೇ ದಿನ ಎಲ್ಲ ಹೋದೀತೆಂದು 1984ರಲ್ಲಿ ಆ ಬ್ಯಾಂಕು ತನ್ನ ಬೀಜಗಳ ಇನ್ನೊಂದು ಪ್ರತಿಯನ್ನು ಲಾಂಗ್‌ಯಿಯರ್‌ಬೀನ್‌ನ 3ನೇ ಸಂಖ್ಯೆಯ ಗಣಿಯೊಳಗೆ ಒಂದು ಉಕ್ಕಿನ ಕಂಟೇನರಿನಲ್ಲಿ ಇಟ್ಟಿತು. ಅಲ್ಲಿನ ನೆಲ ಬೇಸಿಗೆಯಲ್ಲೂ ಕರಗದ ಹೆಪ್ಪುನೆಲ. ಗಣಿಯೊಳಗೆ ವರ್ಷವಿಡೀ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ. ವಿದ್ಯುತ್ ಬೇಡ, ಯಂತ್ರ ಬೇಡ, ರಿಪೇರಿ ಬೇಡ.

ಎರಡು ವರ್ಷದ ಮೇಲೆ, 1986ರಲ್ಲಿ, ಅದೇ ಗಣಿಯಲ್ಲಿ ನೂರು ವರ್ಷದ ಒಂದು ಪ್ರಯೋಗ ಶುರುವಾಯಿತು. ಬೀಜಗಳನ್ನು ಒಣಗಿಸಿ, ಗಾಜಿನ ಕೊಳವೆಗಳಿಗೆ ತುಂಬಿ, ಬೆಂಕಿಯ ಉರಿಯಲ್ಲಿ ಗಾಜು ಕರಗಿಸಿ ಬಾಯಿ ಮುಚ್ಚಿದರು. ಕೆಲವು ವರ್ಷಗಳಿಗೊಮ್ಮೆ ಒಂದಿಷ್ಟು ಕೊಳವೆ ಒಡೆದು ಬೀಜ ಮೊಳೆಯುತ್ತದೆಯೋ ಇಲ್ಲವೋ ನೋಡುವುದು. ಬೀಜದ ಜೊತೆ ಬರುವ ರೋಗದ ಶಿಲೀಂಧ್ರಗಳೂ ಉಳಿಯುತ್ತವೆಯೇ ಎಂದು ಪರೀಕ್ಷಿಸುವುದು. ಪ್ರಯೋಗ ಹೂಡಿದವರಲ್ಲಿ ಯಾರೂ ಅದರ ಮುಕ್ತಾಯಕ್ಕೆ ಇರಲಾರರೆಂಬುದು ಅವರಿಗೆ ಗೊತ್ತಿತ್ತು. ತೆಂಗಿನ ಸಸಿ ನೆಡುವ ಮುದುಕನ ಬಗ್ಗೆ ನಮ್ಮಲ್ಲಿ ಹೇಳುತ್ತಾರಲ್ಲ, ಅದೇ ಜಾಯಮಾನ.

ಇಡೀ ಜಗತ್ತಿನ ಬೀಜಗಳಿಗೆ ಇಲ್ಲೊಂದು ಮನೆ ಯಾಕಾಗಬಾರದು ಎಂಬ ಮಾತು ಆ ದಶಕದಲ್ಲೇ ಎದ್ದಿತ್ತು, ಮತ್ತು ಅಲ್ಲಿಗೇ ನಿಂತಿತ್ತು. ನೈಸರ್ಗಿಕ ಚಳಿ ಸಾಲದು ಎಂಬುದು ಒಂದು ತಕರಾರು. ಬೀಜ ಬ್ಯಾಂಕುಗಳು ಒಪ್ಪಿಕೊಂಡ ಅಳತೆ ಸೊನ್ನೆಯ ಕೆಳಗೆ 18 ಡಿಗ್ರಿ, ಬೆಟ್ಟ ಕೊಡುವುದು ಮೂರು ನಾಲ್ಕು ಮಾತ್ರ. ಆದರೆ ನಿಜವಾದ ಗಂಟು ಬೇರೆ ಕಡೆ ಇತ್ತು. ಬೀಜ ಯಾರದು? ಬಡ ದೇಶದ ಹೊಲದಿಂದ ಆರಿಸಿ ತಂದ ಹಿಡಿ ಕಾಳು ಶ್ರೀಮಂತ ದೇಶದ ಬ್ಯಾಂಕಿಗೆ ಸೇರಿ, ಅಲ್ಲಿಂದ ಕಂಪನಿಯ ಪೇಟೆಂಟಾಗಿ ಮರಳಿ ಅದೇ ಹೊಲಕ್ಕೆ ಮಾರಾಟಕ್ಕೆ ಬಂದರೆ? ಈ ಜಗಳ ತೀರದೆ ಯಾವ ದೇಶವೂ ತನ್ನ ಗಂಟನ್ನು ಇನ್ನೊಬ್ಬರ ಮನೆಯಲ್ಲಿ ಇಡಲು ಸಿದ್ಧವಿರಲಿಲ್ಲ. ಚಳಿಯ ಲೆಕ್ಕ ಬಿಡಿಸಲು ಒಬ್ಬ ಎಂಜಿನಿಯರ್ ಸಾಕಾಗಿತ್ತು, ಈ ಗಂಟು ಬಿಡಿಸಲು ಇಪ್ಪತ್ತು ವರ್ಷ ಬೇಕಾಯಿತು. ಆಹಾರ ಮತ್ತು ಕೃಷಿಯ ಸಸ್ಯ ತಳಿ ಸಂಪತ್ತಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2001ರಲ್ಲಿ ಒಪ್ಪಿಗೆ ಸಿಕ್ಕಿತು, 2004ರ ಜೂನಿನಲ್ಲಿ ಅದು ಜಾರಿಗೆ ಬಂತು. ಅದೇ 2004ರಲ್ಲಿ ಅಮೆರಿಕದ ಕೃಷಿ ತಜ್ಞ ಕ್ಯಾರಿ ಫೌಲರ್ ಮುಂದಾಳತ್ವದ ಸಮಿತಿ ಸ್ವಾಲ್‌ಬಾರ್ಡ್‌ಗೆ ಹೋಗಿ ನೋಡಿ, ಆಗುತ್ತದೆ ಎಂದು ವರದಿ ಕೊಟ್ಟಿತು. ನಾರ್ವೆ ಸರ್ಕಾರ ಖರ್ಚು ತನ್ನದೆಂದಿತು.

2006ರ ಜೂನ್ 19ರಂದು ಐದು ನಾರ್ಡಿಕ್ ದೇಶಗಳ ಪ್ರಧಾನಿಗಳು ಕೂಡಿ ಅಡಿಗಲ್ಲು ಹಾಕಿದರು. ಜಾಗ ಆರಿಸಿದ್ದು ಲಾಂಗ್‌ಯಿಯರ್‌ಬೀನ್ ವಿಮಾನ ನಿಲ್ದಾಣದ ಹತ್ತಿರದ ಪ್ಲಾಟೋಬರ್ಗೆಟ್ ಎಂಬ ಬೆಟ್ಟ, ಎಂದರೆ ತಟ್ಟೆಯಂತೆ ಚಪ್ಪಟೆ ನೆತ್ತಿಯ ಗುಡ್ಡ. ಬಾಗಿಲು ಸಮುದ್ರಮಟ್ಟದಿಂದ ಸುಮಾರು 130 ಮೀಟರ್ ಎತ್ತರದಲ್ಲಿದೆ, ಧ್ರುವದ ಮಂಜೆಲ್ಲ ಕರಗಿ ಕಡಲು ಏರಿದರೂ ನೀರು ಅಲ್ಲಿಗೆ ಮುಟ್ಟಬಾರದೆಂಬ ಲೆಕ್ಕ. ಅಲ್ಲಿಂದ ಸುರಂಗ ಬೆಟ್ಟದೊಳಕ್ಕೆ ಸುಮಾರು 120 ಮೀಟರ್ ಸಾಗುತ್ತದೆ. ತುದಿಯಲ್ಲಿ ಮರಳುಗಲ್ಲಿನಲ್ಲಿ ಕೊರೆದ ಮೂರು ಕೋಣೆಗಳು, ಪ್ರತಿಯೊಂದೂ 15 ಲಕ್ಷ ಮಾದರಿಗಳನ್ನು ಹಿಡಿಯುವಷ್ಟು ದೊಡ್ಡದು. ಕೋಣೆಗಳನ್ನು ಯಂತ್ರದಿಂದ ಸೊನ್ನೆಯ ಕೆಳಗೆ 18 ಡಿಗ್ರಿಗೆ ತಣಿಸುತ್ತಾರೆ. ಯಂತ್ರ ಕೆಟ್ಟುನಿಂತರೆ? ಸುತ್ತಲಿನ ಬಂಡೆಯೇ ಹೆಪ್ಪುಗಟ್ಟಿರುವುದರಿಂದ ಕೋಣೆಯ ಚಳಿ ಬಂಡೆಯ ಮಟ್ಟಕ್ಕೆ ಇಳಿಯಲು ವಾರಗಳೇ ಬೇಕು, ಅಷ್ಟರಲ್ಲಿ ರಿಪೇರಿಯವನು ಬಂದು ಹೋಗಬಹುದು. ಕಟ್ಟಲು ತಗುಲಿದ್ದು ಸುಮಾರು 4.5 ಕೋಟಿ ನಾರ್ವೇಜಿಯನ್ ಕ್ರೋನರ್. ಜಾಗತಿಕ ಮಹತ್ವದ ಕಟ್ಟಡವೆಂದು ನೋಡಿದರೆ ಇದು ಅಗ್ಗ.

2008ರ ಫೆಬ್ರವರಿ 26ರಂದು ಬಾಗಿಲು ತೆರೆಯಿತು. ನಾರ್ವೆಯ ಪ್ರಧಾನಿ ಯೆನ್ಸ್ ಸ್ಟೋಲ್ಟನ್‌ಬರ್ಗ್ ಹಾಗೂ ಕೀನ್ಯಾದ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಇಬ್ಬರೂ ಕೂಡಿ ಮೊದಲ ಪೆಟ್ಟಿಗೆಯನ್ನು ಒಳಗಿಟ್ಟರು. ಅದರಲ್ಲಿದ್ದುದು 104 ದೇಶಗಳ ಭತ್ತದ ಬೀಜ. ಹಿಮಕರಡಿ ತಿರುಗುವ ಊರಿನಲ್ಲಿ ಗದ್ದೆಯ ಕೆಸರಿನ ಬೆಳೆ! ಅಂದು ಒಳಗೆ ಹೋದ ಮಾದರಿಗಳು ಸುಮಾರು 2.68 ಲಕ್ಷ.

ಒಂದು ಪೊಟ್ಟಣವನ್ನು ಹತ್ತಿರದಿಂದ ನೋಡೋಣ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮತ್ತು ರಾಗಿಯಂಥ ಕಿರುಧಾನ್ಯಗಳ ಬೀಜ ಸಂಗ್ರಹಕ್ಕೆ ಹೆಸರಾದದ್ದು. ಅಲ್ಲಿಂದ ಒಂದು ಜೋಳದ ಮಾದರಿ ಹೊರಡಬೇಕೆಂದುಕೊಳ್ಳಿ. ಮೊದಲು ಬೀಜವನ್ನು ತಂಪಾದ, ಒಣ ಗಾಳಿಯಾಡುವ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು ತೇವಾಂಶವನ್ನು ಶೇಕಡಾ 5ರಿಂದ 7ರ ಆಸುಪಾಸಿಗೆ ಇಳಿಸಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಒಳಗಿನ ಜೀವ ನೋಯುತ್ತದೆ. ಒಂದಿಷ್ಟು ಕಾಳನ್ನು ತೇವದ ಕಾಗದದ ಮೇಲಿಟ್ಟು ಮೊಳಕೆ ಎಣಿಸಬೇಕು. ಆಮೇಲೆ ಸುಮಾರು 500 ಕಾಳು ಎಣಿಸಿ, ಅಲ್ಯೂಮಿನಿಯಂ ಪದರಗಳ ಪೊಟ್ಟಣಕ್ಕೆ ಹಾಕಿ, ಬಿಸಿಯಿಂದ ಬಾಯಿ ಅಂಟಿಸಿ, ಮೇಲೆ ಸಂಖ್ಯೆ ಬರೆಯಬೇಕು. ಇಂಥ ನೂರಾರು ಪೊಟ್ಟಣ ಒಂದು ಪೆಟ್ಟಿಗೆಗೆ. ಪೆಟ್ಟಿಗೆ ವಿಮಾನದಲ್ಲಿ ಲಾಂಗ್‌ಯಿಯರ್‌ಬೀನ್ ತಲುಪಿದಾಗ ಎಕ್ಸ್‌ರೇ ಯಂತ್ರದಲ್ಲಿ ಹಾದುಹೋಗುತ್ತದೆ. ಅಲ್ಲಿಂದ ಸುರಂಗಕ್ಕೆ, ಸುರಂಗದಿಂದ ಕಬ್ಬಿಣದ ಕಪಾಟಿಗೆ. ಅಲ್ಲಿ ಯಾರೂ ಅದನ್ನು ಬಿಚ್ಚುವುದಿಲ್ಲ.

ಬೂದಿ ಬೆರೆಸಿದ ಸೋರೆ ಬುರುಡೆ ಮಾಡುತ್ತಿದ್ದುದೂ ಇದನ್ನೇ ತಾನೆ? ಬೂದಿ ತೇವ ಹೀರುತ್ತದೆ, ಮುಚ್ಚಿದ ಬಾಯಿ ಹೊರಗಿನ ತೇವವನ್ನು ತಡೆಯುತ್ತದೆ. ಬೀಜ ವಿಜ್ಞಾನದಲ್ಲಿ ಹ್ಯಾರಿಂಗ್ಟನ್ ಎಂಬವರ ಹೆಸರಿನ ಒಂದು ರೂಢಿಯ ಲೆಕ್ಕವಿದೆ. ತೇವಾಂಶ ಶೇಕಡಾ 1ರಷ್ಟು ಇಳಿದರೆ ಬೀಜದ ಆಯುಸ್ಸು ಇಮ್ಮಡಿ, ಉಷ್ಣತೆ ಸುಮಾರು 5 ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ. ನಮ್ಮವರಿಗೆ ಮೊದಲರ್ಧ ಗೊತ್ತಿತ್ತು, ಉಳಿದರ್ಧಕ್ಕೆ ಬೆಟ್ಟದ ಚಳಿ ಬೇಕಿತ್ತು. ಎರಡೂ ಕೂಡಿದರೆ ಜೋಳದ ಬೀಜ ಸುಮಾರು 20,000 ವರ್ಷ ಬದುಕಬಹುದೆಂದು ಭಂಡಾರ ತೆರೆದ ದಿನಗಳಲ್ಲಿ ಅಂದಾಜು ಕಟ್ಟಿದ್ದರು. ಇಂಥ ಅಂಕಿಯನ್ನು ನಾನು ಸ್ವಲ್ಪ ಉಪ್ಪು ಖಾರ ಕಳೆದೇ ಓದುತ್ತೇನೆ, ಯಾಕೆಂದರೆ ಅದನ್ನು ಪರೀಕ್ಷಿಸಲು ಯಾರೂ ಉಳಿದಿರುವುದಿಲ್ಲ. ಆದರೆ ಎಲ್ಲ ಬೆಳೆಯಲ್ಲೂ ಜೋಳವೇ ದೀರ್ಘಾಯುಷಿಗಳ ಸಾಲಿನಲ್ಲಿ ಮುಂದೆ ನಿಂತದ್ದು ಕಂಡು ಉತ್ತರ ಕರ್ನಾಟಕದವರಿಗೆ ಒಂದು ರೊಟ್ಟಿ ಹೆಚ್ಚು ಉಂಡಷ್ಟು ಖುಷಿಯಾದರೆ ಬೇಡ ಎನ್ನಲಾರೆ.

ಇನ್ನು ಸಂಸ್ಥೆಯ ವ್ಯವಸ್ಥೆ. ಕಟ್ಟಡ ನಾರ್ವೆ ಸರ್ಕಾರದ್ದು. ಒಳಗಿನ ದಿನದಿನದ ಕೆಲಸ, ದಾಖಲೆ, ಬೀಜ ಕಳಿಸುವವರೊಡನೆ ಪತ್ರ ವ್ಯವಹಾರ ಎಲ್ಲ ನಾರ್ಡ್‌ಜೆನ್ ಎಂಬ ಸಂಸ್ಥೆಯದು. ಹಳೆಯ ನಾರ್ಡಿಕ್ ಜೀನ್ ಬ್ಯಾಂಕಿನ ಉತ್ತರಾಧಿಕಾರಿ ಅದೇ. ಹಣಕಾಸಿಗೆ ಬೆಳೆ ವೈವಿಧ್ಯ ಕಾಯುವ ಅಂತರರಾಷ್ಟ್ರೀಯ ಸಂಸ್ಥೆ ಕ್ರಾಪ್ ಟ್ರಸ್ಟ್ ಕೈಜೋಡಿಸುತ್ತದೆ. ಬೀಜ ಇಡುವವರು ಬಾಡಿಗೆ ಕೊಡಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಠೇವಣಿಯ ಕರಾರು. ಬೀಜ ಇಟ್ಟವರೇ ಅದರ ಒಡೆಯರು. ಅವರ ಹೊರತು ಬೇರಾರೂ, ನಾರ್ವೆ ಸರ್ಕಾರ ಕೂಡ, ಪೆಟ್ಟಿಗೆ ತೆರೆಯುವಂತಿಲ್ಲ. ಬ್ಯಾಂಕಿನ ಲಾಕರಿನ ಹಾಗೆ. ಎಂಬತ್ತರ ದಶಕದ ಗಂಟನ್ನು ಬಿಚ್ಚಿದ್ದು ಈ ಒಂದು ಸಾಲು. ಉತ್ತರ ಕೊರಿಯಾದ ಪೆಟ್ಟಿಗೆಯೂ ಅಮೆರಿಕದ ಪೆಟ್ಟಿಗೆಯೂ ಒಂದೇ ಕೋಣೆಯ ಕಪಾಟುಗಳಲ್ಲಿ ಕೂತಿರುವುದು ಇದರಿಂದಲೇ. ಈ ಭಂಡಾರದ ದೊಡ್ಡ ಸಾಧನೆ ಸುರಂಗವಲ್ಲ, ಈ ಕರಾರು ಎಂಬುದು ನನ್ನ ಅಭಿಪ್ರಾಯ.

ಪ್ರಳಯ ಬರಲಿಲ್ಲ, ಆದರೆ ಏಳೇ ವರ್ಷದಲ್ಲಿ ಪೆಟ್ಟಿಗೆ ಹೊರಗೆ ತೆಗೆಯುವ ದಿನ ಬಂತು. ಸಿರಿಯಾದ ಅಲೆಪ್ಪೊ ಹತ್ತಿರದ ತೆಲ್ ಹದ್ಯಾದಲ್ಲಿ ಇಕಾರ್ಡಾ ಎಂಬ ಅಂತರರಾಷ್ಟ್ರೀಯ ಒಣಭೂಮಿ ಕೃಷಿ ಸಂಶೋಧನಾ ಕೇಂದ್ರವಿತ್ತು. ಗೋಧಿ, ಬಾರ್ಲಿ, ಮಸೂರ, ಕಡಲೆಗಳ ತವರು ಆ ಪ್ರದೇಶವೇ. ಅಲ್ಲಿನ ಬ್ಯಾಂಕು ಅವುಗಳ ಹಳೆಯ ತಳಿಗಳನ್ನೂ ಕಾಡು ಬಂಧುಗಳನ್ನೂ ಕೂಡಿಟ್ಟಿತ್ತು. ಅಂತರ್ಯುದ್ಧ ಶುರುವಾದ ಮೇಲೆ ಅಲ್ಲಿನವರು ಜಾಗ ಬಿಡಬೇಕಾಯಿತು. ಅದೃಷ್ಟಕ್ಕೆ, ಅದೃಷ್ಟ ಎನ್ನುವುದಕ್ಕಿಂತ ಮುಂದಾಲೋಚನೆಯಿಂದ, ಅವರು ತಮ್ಮ ಸಂಗ್ರಹದ ಬಹುಪಾಲನ್ನು ಮೊದಲೇ ಸ್ವಾಲ್‌ಬಾರ್ಡ್‌ಗೆ ಕಳಿಸಿದ್ದರು. 2015ರಲ್ಲಿ ಅವರು ತಮ್ಮ ಠೇವಣಿ ವಾಪಸು ಕೇಳಿದರು. 128 ಪೆಟ್ಟಿಗೆ, 38,000ಕ್ಕೂ ಹೆಚ್ಚು ಮಾದರಿ ಲೆಬನಾನ್‌ಗೂ ಮೊರಾಕ್ಕೊಗೂ ಹೋದವು. ಅಲ್ಲಿ ಅವನ್ನು ಬಿತ್ತಿದರು, ಬೆಳೆದರು, ಕೊಯ್ದರು, ಒಣಗಿಸಿದರು, ಮತ್ತೆ ಪೊಟ್ಟಣ ಕಟ್ಟಿದರು. 2017ರ ಫೆಬ್ರವರಿಯಲ್ಲಿ ಹೊಸ ಬೆಳೆಯ ಬೀಜದ ಮೊದಲ ಪೆಟ್ಟಿಗೆಗಳು ಅದೇ ಬೆಟ್ಟಕ್ಕೆ ಮರಳಿದವು. ಆಮೇಲೆಯೂ ಅವರು ತೆಗೆದರು, ಬೆಳೆದರು, ತುಂಬಿದರು. ‘ಪ್ರಳಯದ ದಿನದ ತಿಜೋರಿ’ ಎಂಬ ಹೆಸರು ನನಗೆ ಹಿಡಿಸದಿರುವುದು ಇದಕ್ಕೇ. ಇದು ಕೊನೆಯ ದಿನಕ್ಕೆ ಕಾದು ಕೂತ ನಿಧಿಯಲ್ಲ. ಇದು ಸಾಲ ಕೊಟ್ಟು ವಸೂಲು ಮಾಡುವ ಕಣಜ. ಚಳಿ ಬೀಜಕ್ಕೆ ಸಮಯ ಕೊಡುತ್ತದೆ, ಅಷ್ಟೇ. ಆ ಸಮಯ ಮುಗಿಯುವುದರೊಳಗೆ ಯಾರೋ ಒಬ್ಬರು ಅದನ್ನು ಮಣ್ಣಿಗೆ ಹಾಕಲೇಬೇಕು.

ಅಷ್ಟರಲ್ಲಿ ಬೆಟ್ಟವೂ ತನ್ನ ಮಾತಿಗೆ ತಪ್ಪಿತು. 2016ರ ಅಕ್ಟೋಬರಿನಲ್ಲಿ ಹಿಮ ಬೀಳಬೇಕಾದ ಕಾಲಕ್ಕೆ ಸ್ವಾಲ್‌ಬಾರ್ಡಿನಲ್ಲಿ ಮಳೆ ಸುರಿಯಿತು. ಸುರಂಗದ ಬಾಯಿಯಿಂದ ನೀರು ನುಗ್ಗಿ ಒಳಗೆ ಹೆಪ್ಪುಗಟ್ಟಿತು. ಬೀಜದ ಕೋಣೆಗಳಿಗೆ ಏನೂ ಆಗಲಿಲ್ಲ. ಆದರೆ ಕಟ್ಟುವಾಗ ಅಗೆದಿದ್ದ ನೆಲ ಎಣಿಸಿದಂತೆ ಮತ್ತೆ ಹೆಪ್ಪುಗಟ್ಟಿಲ್ಲವೆಂಬುದು ಬಯಲಾಯಿತು. ನೀರು ಜಿನುಗದ ಹೊಸ ಕಾಂಕ್ರೀಟ್ ಸುರಂಗ ಕಟ್ಟಿ 2019ರ ಹೊತ್ತಿಗೆ ಕೆಲಸ ಮುಗಿಸಿದರು, ಖರ್ಚು ಮೂಲ ಕಟ್ಟಡದ ಖರ್ಚನ್ನು ಎಷ್ಟೋ ಮೀರಿತು. ಇನ್ನೊಂದು ವಿಚಿತ್ರವನ್ನೂ ಇಲ್ಲೇ ಹೇಳಿಬಿಡಬೇಕು. ಆ ಊರಿಗೆ ವಿದ್ಯುತ್ ಬರುತ್ತಿದ್ದುದು ಕಲ್ಲಿದ್ದಲಿನಿಂದ. ಬೀಜ ತಣ್ಣಗಿರಲೆಂದು ಭೂಮಿಯನ್ನು ಬಿಸಿ ಮಾಡುವ ಇಂಧನವನ್ನೇ ವರ್ಷಗಟ್ಟಲೆ ಸುಟ್ಟರು. ಆ ಕಲ್ಲಿದ್ದಲು ಸ್ಥಾವರ 2023ರಲ್ಲಿ ಮುಚ್ಚಿತು, ಈಗ ಡೀಸೆಲ್.

ನೈಸರ್ಗಿಕ ಚಳಿಯ ಬೆಟ್ಟ ನಮ್ಮ ದೇಶದಲ್ಲೂ ಇದೆ. ಲೇಹ್‌ನಿಂದ ಪ್ಯಾಂಗಾಂಗ್ ಸರೋವರಕ್ಕೆ ಹೋಗುವ ಪ್ರವಾಸಿಗರು ಚಾಂಗ್ ಲಾ ಕಣಿವೆದಾರಿಯಲ್ಲಿ ಗಾಡಿ ನಿಲ್ಲಿಸಿ, ಫೋಟೊ ತೆಗೆಸಿಕೊಂಡು, ಏದುಸಿರು ಬಿಡುತ್ತ ಬೇಗ ಕೆಳಗಿಳಿಯುತ್ತಾರೆ. 17,000 ಅಡಿಗೂ ಮೇಲಿರುವ ಆ ಜಾಗದಲ್ಲಿ ಬೀಜದ ಭಂಡಾರವೂ ಇದೆಯೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಲೇಹ್‌ನಲ್ಲಿ ಸೈನಿಕರಿಗೆ ತಾಜಾ ತರಕಾರಿ ಬೆಳೆಯುವ ದಾರಿ ಹುಡುಕಲು ಹುಟ್ಟಿದ ರಕ್ಷಣಾ ಸಂಶೋಧನಾ ಕೇಂದ್ರ ಮುಂದೆ ಡಿಹಾರ್ ಎಂದು ಹೆಸರಾಯಿತು. ಅದೂ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋವೂ ಕೂಡಿ 2010ರಲ್ಲಿ ಇದನ್ನು ಕಟ್ಟಿದವು. ಮೊದಲ ಕೆಲವು ವರ್ಷಗಳಲ್ಲೇ 5,000ಕ್ಕೂ ಹೆಚ್ಚು ಮಾದರಿಗಳು ಅಲ್ಲಿ ಸೇರಿದವು. ದೆಹಲಿಯಲ್ಲಿ ಬ್ಯೂರೋ ಇಟ್ಟಿರುವ ರಾಷ್ಟ್ರೀಯ ಬ್ಯಾಂಕಿನ ಸಂಗ್ರಹ ನಾಲ್ಕು ಲಕ್ಷ ದಾಟಿದೆ. ಅದರ ಕೋಣೆಗಳನ್ನು ಸೊನ್ನೆಯ ಕೆಳಗೆ 18 ಡಿಗ್ರಿಯಲ್ಲಿಡಲು ದೆಹಲಿಯ ಮೇ ತಿಂಗಳ ಬೇಗೆಯಲ್ಲಿ ಎಷ್ಟು ವಿದ್ಯುತ್ ಬೇಕೆಂದು ಊಹಿಸಿಕೊಂಡರೆ ಚಾಂಗ್ ಲಾದ ಅರ್ಥ ಆಗುತ್ತದೆ. ಆದರೆ ಅಲ್ಲೂ ಪುಕ್ಕಟೆ ಏನೂ ಇಲ್ಲ. ಹಿಮ ಬಿದ್ದರೆ ದಾರಿ ಮುಚ್ಚುತ್ತದೆ, ಒಬ್ಬ ಮನುಷ್ಯ ಅರ್ಧ ಗಂಟೆ ಪೆಟ್ಟಿಗೆ ಎತ್ತಿದರೆ ತಲೆ ಸುತ್ತುತ್ತದೆ, ಬೇಸಿಗೆಯ ಹಗಲು ನಾರ್ವೆಯ ಸುರಂಗದಷ್ಟು ತಂಪಿರುವುದಿಲ್ಲ. ಸ್ವಾಲ್‌ಬಾರ್ಡ್‌ಗೆ ಸಾಟಿ ಎನ್ನುವ ಹೊಗಳಿಕೆ ಈ ಭಂಡಾರಕ್ಕೆ ಬೇಕಿಲ್ಲ. ಮನೆಯ ಹಿತ್ತಲಲ್ಲಿ ಇನ್ನೊಂದು ಹಗೇವು ಇದ್ದರೆ ಒಳ್ಳೆಯದೇ, ಅಷ್ಟು ಸಾಕು. ಇತ್ತ ಬ್ಯೂರೋ 2014ರಲ್ಲಿ ತೊಗರಿಯ 25 ಮಾದರಿಗಳನ್ನು ಸ್ವಾಲ್‌ಬಾರ್ಡ್‌ಗೂ ಕಳಿಸಿತು. ಇಕ್ರಿಸ್ಯಾಟ್ ಅಲ್ಲಿಟ್ಟಿರುವ ಮಾದರಿಗಳಂತೂ 1 ಲಕ್ಷಕ್ಕೂ ಹೆಚ್ಚು.

ಎಲ್ಲೋ ಮಂಜಿನಲ್ಲಿರುವ ಸಂಖ್ಯೆ ಬರೆದ ಪೊಟ್ಟಣದಿಂದ ನಮಗೇನು ಎಂದು ಕೇಳುವವರಿಗೆ ಎರಡು ಸಂಖ್ಯೆ ಹೇಳುತ್ತೇನೆ. ಐಸಿಪಿ 8863 ಇಕ್ರಿಸ್ಯಾಟ್ ದಫ್ತರದಲ್ಲಿ ತೊಗರಿಯ ಒಂದು ಮಾದರಿಯ ಸಂಖ್ಯೆ. ಮಹಾರಾಷ್ಟ್ರದ ನಾಟಿ ತೊಗರಿಯಿಂದ ಆರಿಸಿದ ಅದು ನೆಟೆ ರೋಗ ತಡೆಯಿತು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದಾಗ ಅದಕ್ಕಿಟ್ಟ ಹೆಸರು ಮಾರುತಿ. ಕಲಬುರಗಿ ಸೀಮೆಯ ರೈತರಿಗೆ ಆ ಹೆಸರನ್ನು ಪರಿಚಯಿಸಬೇಕಿಲ್ಲ. ಇನ್ನೊಂದು ಐಇ 1012, ರಾಗಿ ಸಂಗ್ರಹದ ಒಂದು ಮಾದರಿ. ‘ರಾಗಿ’ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಕಟ್ಟಿ ಇಂಡಾಫ್ ತಳಿಗಳನ್ನು ಕೊಟ್ಟರಲ್ಲ, ಮುಂದೆ ಅವರ ಇಂಡಾಫ್ 5 ಮತ್ತು ಇಂಡಾಫ್ 9ರ ಜೊತೆ ಈ ಐಇ 1012ನ್ನು ಬೆರೆಸಿದಾಗ ಹುಟ್ಟಿದ್ದೇ ಬೆಂಕಿ ರೋಗ ತಡೆಯುವ ಜಿಪಿಯು 28. ಹಳೇ ಮೈಸೂರಿನ ಎಷ್ಟು ಮುದ್ದೆಗಳಲ್ಲಿ ಆ ಸಂಖ್ಯೆ ಕರಗಿದೆಯೋ ಲೆಕ್ಕ ಇಟ್ಟವರಿಲ್ಲ.

ಹಾಗೆಂದು ಎಲ್ಲವನ್ನೂ ಮಂಜಿಗೆ ಹಾಕಲಾಗದು. ಹಲಸು, ಮಾವು, ತೆಂಗಿನ ಬೀಜವನ್ನು ಒಣಗಿಸಿದರೆ ಸಾಯುತ್ತದೆ, ತಣಿಸಿದರೂ ಸಾಯುತ್ತದೆ. ಅವಕ್ಕೆ ತೋಟವೇ ಬ್ಯಾಂಕು. ಆಲೂಗಡ್ಡೆಯ ಗೆಡ್ಡೆಯನ್ನೂ ಇಡಲಾಗದು. ಪೆರುವಿನ ಕುಸ್ಕೊ ಬಳಿಯ ಆಲೂಗಡ್ಡೆ ಉದ್ಯಾನದ ರೈತ ಸಮುದಾಯಗಳು ಅದಕ್ಕೊಂದು ದಾರಿ ಕಂಡುಕೊಂಡವು. ಗಿಡದ ಹೂವು ಕಾಯಾಗಲು ಬಿಟ್ಟು, ಆ ಪುಟ್ಟ ಕಾಯಿಯೊಳಗಿನ ಬೀಜ ಬಿಡಿಸಿ 2015ರಲ್ಲಿ ಸ್ವಾಲ್‌ಬಾರ್ಡ್‌ಗೆ ಒಯ್ದವು. ಸಾವಿರಾರು ವರ್ಷಗಳಿಂದ ಆಂಡೀಸ್ ಬೆಟ್ಟದ ರಾತ್ರಿಯ ಹಿಮದಲ್ಲಿ ಆಲೂಗಡ್ಡೆ ಹೆಪ್ಪುಗಟ್ಟಿಸಿ, ಹಗಲು ತುಳಿದು ಒಣಗಿಸಿ, ಚುನ್ಯೊ ಮಾಡಿ ವರ್ಷಗಟ್ಟಲೆ ಕಾಪಿಟ್ಟುಕೊಂಡ ಜನ ಅವರು. ಬೆಟ್ಟದ ಚಳಿಯ ಬಗ್ಗೆ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಭಂಡಾರದ ಬಾಗಿಲು ಠೇವಣಿಗಾಗಿ ವರ್ಷಕ್ಕೆ ಕೆಲವೇ ಸಲ ತೆರೆಯುತ್ತದೆ. ಒಳಗಿನ ಮಾದರಿಗಳು ಈಗ 13 ಲಕ್ಷ ದಾಟಿವೆ. ಫೌಲರ್ ಅವರಿಗೂ ಕ್ರಾಪ್ ಟ್ರಸ್ಟಿನ ಮೊದಲ ದಿನಗಳ ಜೆಫ್ರಿ ಹಾಟಿನ್ ಅವರಿಗೂ 2024ರ ವಿಶ್ವ ಆಹಾರ ಪ್ರಶಸ್ತಿ ಬಂತು. ಹಳೆಯ 3ನೇ ಗಣಿಯಲ್ಲಿ ಕಲ್ಲಿದ್ದಲು ತೆಗೆಯುವುದು 1996ರಲ್ಲೇ ನಿಂತಿತು. ಈಗ ಪ್ರವಾಸಿಗರು ತಲೆಗೆ ಟೋಪಿ ಹಾಕಿಕೊಂಡು ಅದನ್ನು ನೋಡಲು ಹೋಗುತ್ತಾರೆ. ನಾರ್ಡಿಕ್ ಬ್ಯಾಂಕಿನ ಬೀಜಗಳು ಹೊಸ ಭಂಡಾರಕ್ಕೆ ಬಂದವಾದರೂ ಗಾಜಿನ ಕೊಳವೆಗಳನ್ನು ಮಾತ್ರ ಅಲ್ಲೇ ಬಿಟ್ಟಿದ್ದಾರೆ. ಅವುಗಳಲ್ಲಿ ಕೊನೆಯದನ್ನು ಒಡೆಯುವುದು 2086ರಲ್ಲಿ.